ಬೆವರು ತೊಳೆಯುವ ಜಾಕೆಟ್

ಕಾಡುಹಂದಿ ಬೇಟೆಗೆ ಬಾ ಅಂತ ಆಫೀಸಿನ ಬಾಸ್ ಕರೆದಾಗ ಹುಮ್ಮಸ್ಸಿನಲ್ಲಿ ಹೂಂ ಅಂದುಬಿಟ್ಟೆ. ನನ್ನ ಕೆಲಸ ಪೊದೆ ಬಡಿದು ಹಂದಿ ಎಬ್ಬಿಸುವುದಷ್ಟೇ. ಅದಕ್ಕೊಂದು ಗಟ್ಟಿ ಜಾಕೆಟ್ ಬೇಕೆಂದು ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಹತ್ತಿರದ ಬೇಟೆ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯ ಅಜ್ಜಿ ಒಂದು ಜಾಕೆಟ್‌ನ ತೋಳನ್ನು ನನ್ನ ಕಿವಿಯ ಹತ್ತಿರ ಉಜ್ಜಿ, "ಸದ್ದೇ ಇಲ್ಲ ನೋಡಿ. ಶ್ವೈಸ್ ಆದರೂ ತಣ್ಣೀರಲ್ಲಿ ಹೋಗ್ತದೆ" ಅಂದರು.

ಶ್ವೈಸ್ ಅಂದರೆ ಬೆವರು. ಎರಡು ವರ್ಷ ಜರ್ಮನ್ ಕಲಿತವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

"ಒಳ್ಳೇದಾಯ್ತು. ನಮ್ಮದು ಮಂಗಳೂರು, ಮನೆಯಲ್ಲಿ ಎಲ್ಲರಿಗೂ ಜಾಸ್ತಿ. ನನಗಂತೂ ಮೀಟಿಂಗಲ್ಲಿ ಕೂತರೂ ಅಂಗಿ ಒದ್ದೆಯಾಗ್ತದೆ" ಅಂದೆ.

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. "ಡಾಕ್ಟರಿಗೆ ತೋರಿಸಿದ್ದೀರಾ?"

"ಇದಕ್ಕೆಂಥ ಡಾಕ್ಟರು ಮಾರಾಯ್ರೇ? ಪೌಡರ್ ಹಾಕ್ತೇನೆ."

ಆಗ ಅವರಿಗೆ ಹೊಳೆಯಿತು. ಬೇಟೆಗಾರರ ಬಾಯಲ್ಲಿ ಶ್ವೈಸ್ ಅಂದರೆ ಬೆವರಲ್ಲವಂತೆ, ಗುಂಡು ತಗುಲಿದ ಪ್ರಾಣಿಯ ರಕ್ತವಂತೆ. ಇಬ್ಬರೂ ಕೌಂಟರ್ ಹಿಡಿದುಕೊಂಡು ನಕ್ಕೆವು.

ಬೇಟೆಯ ದಿನ ನಾನು ಬಡಿದ ಮೊದಲ ಪೊದೆಯಿಂದಲೇ ಹಂದಿ ಎದ್ದಿತು. ಅದೊಂದು ಕಡೆ ಓಡಿತು, ನಾನೊಂದು ಕಡೆ. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೂ ಆ ಸಂಜೆ ಜಾಕೆಟ್ ತೊಳೆಯಬೇಕಾಯಿತು.