ಮದ್ಯದ ಗುಂಡಿಯ ಮಣ್ಣು

ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಲ್ಯಾಬಿಗೆ ಚೀನಾದಿಂದ ಆರು ಬಾಟಲಿ ಮಣ್ಣು ಬಂದಿತ್ತು. ಅಲ್ಲಿ ನೆಲದಲ್ಲಿ ಗುಂಡಿ ತೋಡಿ, ಧಾನ್ಯ ಹುಳಿಬರಿಸಿ ಮದ್ಯ ಮಾಡುತ್ತಾರೆ. ಅದಕ್ಕೆ ಪರಿಮಳ ಬರುವುದು ಗುಂಡಿಯ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ. ಬಾಟಲಿಗಳನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಂಡು ಬರಲು ನಾನೇ ಏರ್‌ಪೋರ್ಟಿಗೆ ಹೋದೆ.

"ಅಕ್ಕಾ, ಬರೀ ಮಣ್ಣು ಅಂತ ಬರೀರಿ. ಮದ್ಯದ ಸುದ್ದಿ ಯಾಕೆ?" ಎಂದರು ಕ್ಲಿಯರಿಂಗ್ ಏಜೆಂಟ್, ಉಪ್ಪಿನಂಗಡಿಯ ಹಮೀದ್.

ನಾನು ಬಿ.ಎಸ್ಸಿ. ಓದಿದವಳು, ಮೊಮ್ಮಕ್ಕಳ ಜ್ವರವನ್ನೂ ಗಂಟೆ ಸಹಿತ ಬರೆದಿಟ್ಟವಳು. ಫಾರಂನಲ್ಲಿ ಪೂರ್ತಿ ಬರೆದೆ.

ಕಸ್ಟಮ್ಸ್ ಅಧಿಕಾರಿ ಅದನ್ನು ಎರಡು ಸಲ ಓದಿ, "ಎಲ್ಲ ಬಾಟಲಿ ತೆರೆಯಿರಿ," ಎಂದು ಹಿಂದಿಯಲ್ಲಿ ಹೇಳಿದರು.

"ಗಾಳಿ ತಾಗಿದರೆ ಇವು ಸಾಯುತ್ತವೆ. ನಮ್ಮ ಕೆಲಸವೇ ನಿಂತುಹೋಗುತ್ತದೆ," ಎಂದೆ.

"ನಾನು ಹೇಳಲಿಲ್ವಾ?" ಎಂದರು ಹಮೀದ್, ಛಾವಣಿ ನೋಡುತ್ತಾ.

ನಾನು ಲ್ಯಾಬಿನ ರಿಜಿಸ್ಟರ್ ತೆಗೆದು ತೋರಿಸಿದೆ. ನಾಲ್ಕನೆಯ ಬಾಟಲಿಯ ಸೀಲ್ ದಾರಿಯಲ್ಲೇ ಬಿಟ್ಟುಹೋಗಿದೆ ಎಂದು, ಇಲ್ಲಿ ಪೆಟ್ಟಿಗೆ ನೋಡಿದ ಕೂಡಲೇ ಬರೆದಿದ್ದೆ. ಹೇಗೂ ಕೆಟ್ಟದ್ದು, ಅದೊಂದನ್ನು ತೆರೆಯಬಹುದು ಎಂದೆ.

ಅಧಿಕಾರಿ ಮೂಸಿ ಹಿಂದೆ ಸರಿದರು. ಮತ್ತೆ ಬಂದು ಇನ್ನೊಮ್ಮೆ ಮೂಸಿದರು. "ಇದು ನಮ್ಮಜ್ಜಿಯ ಆಡಿನ ಕೊಟ್ಟಿಗೆ!"

"ಹೌದು. ಆಡಿನ ಹಾಲಿನಲ್ಲಿರುವ ಒಂದು ಆಮ್ಲವನ್ನೇ ಇವೂ ತಯಾರಿಸುತ್ತವೆ."

"ಇದನ್ನು ಕುಡಿಯುತ್ತಾರಾ?"

"ಇದರಿಂದ ಪರಿಮಳ ಬಂದ ಮದ್ಯವನ್ನು."

"ಅವರಿಗೆ ಬೇರೆ ಶಿಕ್ಷೆ ಬೇಡ. ಖಲಾಸ್!" ಎಂದು ಮುದ್ರೆ ಒತ್ತಿದರು.

ವ್ಯಾನಿನಲ್ಲಿ ಕೂತು ರಿಜಿಸ್ಟರಿನಲ್ಲಿ ಬರೆದೆ: ಐದು ಬಾಟಲಿ ಸುರಕ್ಷಿತ. ಕಾರಣ: ಅಧಿಕಾರಿಯ ಅಜ್ಜಿ ಸಾಕಿದ್ದ ಆಡುಗಳು.

ಹಮೀದ್ ಇಣುಕಿ ನೋಡಿದರು. "ಅಕ್ಕಾ, ಬರೀ ಆಡು ಅಂದ್ರೆ ಸಾಕಿತ್ತು."