ಸರುಬಾಯಿ ಮತ್ತು ವಿಶ್ರಾಮಬಾಗದ ಹಾಲ್

ಮಿರಜದ ಪೇಟೆಯ ಹಿಂದಿನ ಓಣಿಯಲ್ಲಿ ಮದುವೆ ಗೊತ್ತಾದರೆ ಶಾಸ್ತ್ರ ಮಾಡಿಸುವ ಅಯ್ಯನವರಿಗಿಂತ ಮೊದಲು ಸರುಬಾಯಿಗೆ ಹೇಳಿ ಕಳಿಸುತ್ತಿದ್ದರು. ಕರೆಯುವ ಕೆಲಸ ಅವಳದು. ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಯಾರ ಮದುವೆ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಹೇಳಿ ಬರಬೇಕು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿರಲೂ ಇಲ್ಲ. ಅತ್ತೆ ಸೊಸೆಗೆ ಮಾತು ಬಿಟ್ಟ ಮನೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕರೆಯಬೇಕೆನ್ನುವುದು ಯಾವ ಕಾಗದದಲ್ಲಿ ಬರೆದಿರುತ್ತದೆ ಹೇಳಿ? ಅದೆಲ್ಲ ಅವಳ ತಲೆಯಲ್ಲಿತ್ತು.

ಅವಳದು ಒಂದೇ ಕೋಣೆಯ ಖೋಲಿ, ಮಲಗಲು ಒಂದೇ ಹೊರಸು. ಮುಂಬಯಿಗೆ ಹೋದ ಗಂಡ ಮೂವತ್ತು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಬರದಿದ್ದರಿಂದ ಹಣೆಯ ಕುಂಕುಮ ಹಾಗೇ ಉಳಿದಿತ್ತು. ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ಆದರೆ ಓಣಿಯ ಒಂದು ಮದುವೆಯೂ ಅವಳಿಲ್ಲದೆ ಆಗುತ್ತಿರಲಿಲ್ಲವಾದ್ದರಿಂದ ತಾನು ಒಬ್ಬಂಟಿ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಮೊದಲೆಲ್ಲ ‘ಎಲ್ಲಿ’ ಎಂಬುದು ಪ್ರಶ್ನೆಯೇ ಅಲ್ಲ. ಮದುವೆ ಎಂದರೆ ಮನೆಯ ಮುಂದೆ ಹಂದರ, ಮುಗಿಯಿತು. ಆಮೇಲೆ ಕಾರ್ಯಾಲಯ ಬಂತು. ಮರಾಠಿಯವರು ಮದುವೆ ಮಾಡುವ ಕಟ್ಟಡಕ್ಕೆ ಮಂಗಲ ಕಾರ್ಯಾಲಯ ಅನ್ನುತ್ತಾರೆ, ಇಲ್ಲಿಯ ಕನ್ನಡದವರೂ ಹಾಗೇ ಅನ್ನುತ್ತಾರೆ. ಅಥಣಿಯ ಕಡೆಯ ಬೀಗರೊಬ್ಬರು ‘ಕಾರ್ಯಾಲಯಕ್ಕ ಬರ್ರಿ’ ಎಂದದ್ದನ್ನು ಕೇಳಿ ಯಾವುದೋ ಸರಕಾರಿ ಆಫೀಸಿನ ಕಟ್ಟೆಯ ಮೇಲೆ ತಾಸುಗಟ್ಟಲೆ ಕುಳಿತಿದ್ದರು. ಸರುಬಾಯಿ ಅದನ್ನೂ ದಕ್ಕಿಸಿಕೊಂಡಳು. ಆದರೆ ತೊಂಬತ್ತರ ನಂತರ ಸಾಂಗ್ಲಿ ರಸ್ತೆಯ ಎರಡೂ ಬದಿಗೆ ಒಂದರ ಹಿಂದೆ ಒಂದು ಎದ್ದ ಕಟ್ಟಡಗಳಿಗೆ ಲೆಕ್ಕವಿಲ್ಲದಷ್ಟು ಹೆಸರು: ಭವನ, ಸಭಾಗೃಹ, ಹಾಲ್. ಲಾನ್ ಎಂಬುದೊಂದು ಬಂತು, ಅದಕ್ಕೆ ಮೇಲೆ ಚಾವಣಿಯೇ ಇಲ್ಲ, ಬರೀ ಹುಲ್ಲು. ಹುಲ್ಲಿಗೆ ಮಂದಿ ಮುಗಿಬಿದ್ದದ್ದು ನೋಡಿ ಸರುಬಾಯಿಗೆ ತಲೆ ಕೆಟ್ಟುಹೋಯಿತು.

ಹೀಗಿರುವಾಗ ಕಿರಾಣಿ ವ್ಯಾಪಾರಿ ರೇವಪ್ಪನ ಮಗಳು ಮನಿಷಾಳ ಸಂಬಂಧ ಗೊತ್ತಾಯಿತು. ಮದುವೆಗೆ ಮೊದಲು ಸಾಖರಪುಡಾ, ಅಂದರೆ ಸಕ್ಕರೆಯ ಪುಡಿಕೆ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ಶಾಸ್ತ್ರ. ಮೂವತ್ತು ಮಂದಿಯನ್ನು ಕರೆಯಲು ಸರುಬಾಯಿಗೆ ಹೇಳಿದರು. ಎಲ್ಲಿ ಎಂದು ಅವಳು ಕೇಳಿದ್ದು ರೇವಪ್ಪನ ಮಗ ನಿಲೇಶನನ್ನು. ಓಣಿಯವರಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ.

“ಕಾರ್ಯಾಲಯ ಗೀರ್ಯಾಲಯ ಬ್ಯಾಡ್ರಿ ಮಾವಶಿ, ಹಾಲ್‌ನ್ಯಾಗ ಮಾಡೂಣು.”

“ಯಾವ ಹಾಲಪಾ?”

“ವಿಶ್ರಾಮಬಾಗದ್ದ ರಿ, ಹೊಸಾದು. ದೊಡ್ಡದೈತಿ,” ಎಂದು ನಿಲೇಶ ಸ್ಕೂಟರಿಗೆ ಕಿಕ್ ಹೊಡೆದ.

ಸಾಂಗ್ಲಿ ರಸ್ತೆಯ ವಿಶ್ರಾಮಬಾಗ ಬಡಾವಣೆಯಲ್ಲಿ ನಿಲೇಶ ಕೊಂಡ ಹೊಸ ಫ್ಲ್ಯಾಟ್ ಇತ್ತು. ಅದರ ವಾಸ್ತುಶಾಂತಿಯಲ್ಲಿ ಸರುಬಾಯಿ ಉಂಡು ಬಂದಿದ್ದಳು. ಆದರೆ ಅವಳ ಪಾಲಿಗೆ ಅದು ಮನೆ. ಹಾಲ್ ಎಂದರೆ ಅಲ್ಲಿಯ ರಸ್ತೆಯ ಮೇಲೆ ಹೊಸದಾಗಿ ಎದ್ದ, ದೀಪದ ಸರದ ಮದುವೆಯ ಕಟ್ಟಡ. ಮೂವತ್ತು ಮಂದಿಗೂ ಅದನ್ನೇ ಹೇಳಿದಳು.

ಆ ದಿನ ಎಲ್ಲರನ್ನೂ ಕರೆದುಕೊಂಡು ತಾನೇ ಮುಂದಾಗಿ ನಡೆದಳು. ಬಾಗಿಲಲ್ಲಿ ಅತ್ತರು ಹಚ್ಚಿದರು, ಗುಲಾಬಿ ನೀರು ಚಿಮುಕಿಸಿದರು. ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರೆಂದು ತಿಳಿದರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದು ತಿಳಿದರು. ಒಳಗೆ ಮುಹೂರ್ತದ ಮಂಗಲಾಷ್ಟಕ ಕೇಳಿಸಿತು. ಸಾಖರಪುಡಾಕ್ಕೆ ಮಂಗಲಾಷ್ಟಕ ಯಾಕೆ? ಈಗಿನವರು ಒಮ್ಮೊಮ್ಮೆ ಸಾಖರಪುಡಾದಲ್ಲೇ ಮದುವೆ ಮುಗಿಸಿಬಿಡುತ್ತಾರೆ. ರೇವಪ್ಪ ಹಾಗೇ ಮಾಡಿ ತನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಸರುಬಾಯಿಗೆ ಸಂಕಟವಾಯಿತು. ಮಂದಿಯ ಗದ್ದಲದಲ್ಲಿ ಮದುಮಕ್ಕಳ ಮುಖ ಕಾಣಲಿಲ್ಲ, ಸಂಕಟದಲ್ಲೇ ದೂರದಿಂದ ಅಕ್ಷತೆ ಹಾಕಿದಳು. ಮೂವತ್ತು ಮಂದಿಯೂ ಹಾಕಿದರು. ಊಟಕ್ಕೆ ಕುಳಿತು ಎರಡನೆಯ ಸಲ ಜಿಲೇಬಿ ಹಾಕಿಸಿಕೊಂಡ ಮೇಲೆ ಮದುಮಗಳು ನಮಸ್ಕಾರ ಮಾಡಲು ಬಂದಳು. ಅವಳು ಮನಿಷಾ ಆಗಿರಲಿಲ್ಲ.

ಜಿಲೇಬಿ ಬಾಯಲ್ಲೇ ನಿಂತಿತು.

ಕೈ ತೊಳೆದುಕೊಂಡದ್ದೂ ನೆನಪಿಲ್ಲ, ವಿಶ್ರಾಮಬಾಗದಲ್ಲಿ ರೇವಪ್ಪನವರದೆಂದು ಗೊತ್ತಿದ್ದ ಜಾಗ ಆ ಫ್ಲ್ಯಾಟೊಂದೇ, ಎಲ್ಲರೂ ಆರು ರಿಕ್ಷಾ ಮಾಡಿಕೊಂಡು ಅಲ್ಲಿಗೆ ಓಡಿದರು. ಅಲ್ಲಿ ಗಂಡಿನ ಕಡೆಯವರು ಇಪ್ಪತ್ತು ಮಂದಿ, ಹೆಣ್ಣಿನ ಕಡೆಯವರು ಮನೆಯ ನಾಲ್ವರೇ. ‘ನಿಮ್ಮವರು ಅನ್ನೂ ಮಂದಿ ಯಾರೂ ಇಲ್ಲೇನ್ರಿ?’ ಎಂದು ಹುಡುಗನ ಕಾಕಾ ಎರಡು ಸಲ ಕೇಳಿಯಾಗಿತ್ತು. ರೇವಪ್ಪನ ಹೆಂಡತಿ ಸುನಂದಾಬಾಯಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಹಾಕಿ ನಿಂತಿದ್ದಳು.

“ಹಾಲ್ ಅಂದ್ರ ಇದರಿ ಮಾವಶಿ, ಇದು!” ನಿಲೇಶ ಮುಂದಿನ ಕೋಣೆಯ ನಡುವೆ ನಿಂತು ನೆಲ ತೋರಿಸಿದ.

“ಇದು ಸೋಪಾ ಅಲ್ಲೇನೋ?” ಸರುಬಾಯಿಯ ಮಾತಿನಲ್ಲಿ ಮುಂದಿನ ಪಡಸಾಲೆಗೆ ಸೋಪಾ ಎಂದೇ ಹೆಸರು.

“ಸೋಫಾ ಇದರಾಗ ಐತ್ರಿ. ಅಲ್ನೋಡ್ರಿ, ಅವರು ಕುಂತದ್ದು!”

ಸರುಬಾಯಿ ನೆಲ ನೋಡಿದಳು, ಕುಂತವರನ್ನು ನೋಡಿದಳು. ಯಾವುದು ಯಾವುದರೊಳಗೆ ಎಂದು ತಿಳಿಯಲಿಲ್ಲ. ಹುಡುಗನ ಕಾಕಾ ಮಾತ್ರ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವಿನಲ್ಲಿ ಸಂಬಂಧ ಉಳಿಯಿತು. ಅವಳಿಗೆ ಯಾರೂ ಬಯ್ಯಲಿಲ್ಲ. “ಹೋಗ್ಲಿ ಬಿಡ್ರಿ, ಲಗ್ನಕ್ಕ ಕಾರ್ಡ ಛಾಪಸೂಣು,” ಎಂದಷ್ಟೇ ರೇವಪ್ಪ ಹೇಳಿದ. ಬಯ್ದಿದ್ದರೇ ಚೆನ್ನಾಗಿತ್ತು.

ಕಾರ್ಡು ಬಂದವು. ಸ್ಥಳ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ದಾರಿಯ ನಕ್ಷೆ ಹಾಕಿಸಿದ್ದರಂತೆ. ನಿಲೇಶ ಸ್ಕೂಟರಿನ ಮೇಲೆ ಎರಡೇ ದಿನದಲ್ಲಿ ಊರೆಲ್ಲ ಹಂಚಿದ. ಸರುಬಾಯಿಯ ಎಡಗಡೆಯ ಮನೆಗೆ ಕೊಟ್ಟ, ಬಲಗಡೆಯ ಮನೆಗೆ ಕೊಟ್ಟ, ನಡುವಿನ ಖೋಲಿಯ ಮುಂದೆ ಹಾರ್ನ್ ಹೊಡೆದು ಕೈ ಬೀಸಿ ಹೋದ. ಮಾವಶಿಗೆ ಕಾರ್ಡು ಯಾಕೆ? ಅವರಿಗೇನು ಓದಲು ಬರುತ್ತದೆಯೆ?

ಮದುವೆಯ ದಿನ ಸರುಬಾಯಿ ಬೆಳಿಗ್ಗೆಯೇ ಮಿಂದು ಸೀರೆಯುಟ್ಟು ಹೊರಸಿನ ಮೇಲೆ ಕುಳಿತಳು. ಎದ್ದು ಬಾಗಿಲ ತನಕ ಹೋದಳು, ಮತ್ತೆ ಬಂದು ಕುಳಿತಳು. ಮನೆಯವಳಾದರೆ ತನ್ನನ್ನು ಕರೆಯಬೇಕಾಗಿಲ್ಲ. ಹೊರಗಿನವಳಾದರೆ ಕಾರ್ಡು ಬರಬೇಕಿತ್ತು. ಹಾಗಾದರೆ ತಾನು ಯಾವುದು? ಇಷ್ಟು ವರ್ಷ ಊರನ್ನೆಲ್ಲ ಕರೆದವಳನ್ನು ಯಾರೂ ಒಂದು ದಿನವೂ ಕರೆದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಹತ್ತೂವರೆಗೆ ಬಾಗಿಲಲ್ಲಿ ರಿಕ್ಷಾ ನಿಂತಿತು. ರೇಷ್ಮೆ ಸೀರೆಯಲ್ಲಿ ಬೆವೆತುಹೋಗಿದ್ದ ಸುನಂದಾಬಾಯಿ ಇಳಿದಳು. “ಏನ್ರಿ ಮಾವಶಿ ಇದು? ಬೀಗರು ಬಂದು ಕುಂತಾರ, ಮನಿಷಾ ನಿಮ್ಮನ್ನ ಕೇಳಾಕತ್ತಾಳ. ನಡ್ರಿ, ನಡ್ರಿ.”

“ನನ್ನ ಯಾರೂ ಕರದಿಲ್ಲಲ್ಲ, ಸುನಂದಾ.”

“ನಿಮ್ಮನ್ನ ಕರಿಯೂದಂದ್ರ...” ಎಂದು ನಗಲು ಹೊರಟವಳು ಮುದುಕಿಯ ಮುಖ ನೋಡಿ ಒಳಗೆ ಬಂದಳು. ಗೋಡೆಯ ಗೂಡಿನಲ್ಲಿದ್ದ ಭರಣಿಯ ಕುಂಕುಮ ತೆಗೆದು ಅವಳ ಹಣೆಗೆ ಹಚ್ಚಿದಳು. ಕರೆಯುವ ಮಾತಿನ ರೂಢಿ ಸುನಂದಾಬಾಯಿಗೆ ಇರಲಿಲ್ಲ. ಅವಳ ಮನೆಯ ಕರೆಗಳನ್ನೆಲ್ಲ ಇಷ್ಟು ವರ್ಷ ಸರುಬಾಯಿಯೇ ಹೇಳಿದ್ದಳು. “ನಮ್ಮ ಮನಿಷಾನ ಲಗ್ನ ಐತ್ರಿ. ಇವತ್ತ, ಹನ್ನೆರಡೂವರಿಗೆ. ನೀವು ಬರ್ರಿ.”

ಸರುಬಾಯಿ ಏಳಲಿಲ್ಲ. “ಹಂಗಲ್ಲವಾ. ಮನೀ ಮಂದಿ ಎಲ್ಲಾರನೂ ಕರಕೊಂಡು ಬರ್ರಿ ಅನಬೇಕು.”

ಸುನಂದಾಬಾಯಿ ಆ ಖೋಲಿಯನ್ನು, ಅದರ ಒಂದೇ ಹೊರಸನ್ನು ನೋಡಿದಳು.

“ಮನೀ ಮಂದಿ ಎಲ್ಲಾರನೂ ಕರಕೊಂಡು ಬರ್ರಿ, ಮಾವಶಿ.”

“ಬರತೀವಿ,” ಎಂದು ಸರುಬಾಯಿ ಎದ್ದು ಬಾಗಿಲಿಗೆ ಕೀಲಿ ಹಾಕಿದಳು.