ಘಾಟೇಳದ ಮೆಣಸಿನಕಾಯಿ

ಚೈತ್ರಾ, ನಿನ್ನ ರಾಗಿ ಸರಿಯ ವ್ಯಾಪಾರ ತಾನಾಗಿ ಕೆಡಲಿಲ್ಲ. ಕೆಡಿಸಿದವಳು ನಾನು. ನೀನು ಅಕ್ಕ ಅಕ್ಕ ಎಂದು ಹಿಂದೆ ಬರುತ್ತಿದ್ದೆಯಲ್ಲ — ಅದೇ ನಾನು.

ಕಾರಣವನ್ನೂ ಈಗಲೇ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವುದಿಲ್ಲ.

ಸ್ವಂತ ಉದ್ಯಮ ಶುರುಮಾಡುವ ಮಕ್ಕಳಿಗೆ ದಾರಿ ತೋರಿಸಬೇಕು ಎಂದು ನಿನ್ನ ನರಸೀಪುರದ ಕಾಲೇಜಿನವರು ನಂಜನಗೂಡಿನ ನನ್ನ ಸಾಂಬಾರು ಪುಡಿ ಅಂಗಡಿಗೆ ಬಂದಾಗ ಎಷ್ಟು ಉಬ್ಬಿದ್ದೆ! ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳನ್ನು ಮೆಂಟರ್ ಮೇಡಂ ಎಂದರು. ಆಮೇಲೆ ನೀನು ಬಂದೆ. ಸೋಸಲೆಯಿಂದ ಬಸ್ಸು ಬದಲಿಸಿ, ನಿಮ್ಮಮ್ಮ ಮಾಡಿದ ರಾಗಿ ಸರಿಯ ಡಬ್ಬಿ ಹಿಡಿದು. "ಅಕ್ಕ, ಫ್ಯಾಕ್ಟ್ರಿಗೆ ಓಗೋ ತಾಯಂದ್ರಿಗೆ ರಾಗಿ ಮೊಳಕೆ ಕಟ್ಟಿ, ಒಣಗ್ಸಿ, ಬೀಸಿ, ಬಟ್ಟೇಲಿ ಸೋಸೋಕೆ ಪುರುಸೊತ್ತೆಲ್ಲಿ? ಕೂಸಿನ ಊಟ ನಾವೇ ಮಾಡ್ಕೊಟ್ರೆ?"

ಇಷ್ಟು ಸಣ್ಣ ಮಾತು. ಜೀವಮಾನವೆಲ್ಲ ಹಿಟ್ಟು, ಪುಡಿಗಳ ನಡುವೆ ಕೂತ ನನಗೆ ಯಾಕೆ ಹೊಳೆಯಲಿಲ್ಲ? ಉರಿ ಶುರುವಾದದ್ದು ಅಲ್ಲಿ. ಆದರೂ ಪ್ಯಾಕಿಂಗ್ ಕಲಿಸಿದೆ, ಬೆಲೆ ಕಟ್ಟುವುದು ಕಲಿಸಿದೆ, ಅಂಗಡಿಯವರ ಹತ್ತಿರ ಹೇಗೆ ಮಾತಾಡಬೇಕು ಎಂದು ಕಲಿಸಿದೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಅಂತಾರಲ್ಲ — ಅದು ನಾನೇ ಕಣೇ.

ನಂಜನಗೂಡಿನ ದೊಡ್ಡ ದಿನಸಿ ಅಂಗಡಿಯ ಶಿವಣ್ಣನವರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವಳೂ ನಾನೇ. ಅವರು ಡಬ್ಬಿ ತೆರೆದು ಮೂಸಿದರು, ನಾಲಿಗೆಗೆ ಹಚ್ಚಿಕೊಂಡರು, ನಿನಗೆ ಕುರ್ಚಿ ಹಾಕಿಸಿ ಎಳನೀರು ತರಿಸಿದರು. ನನ್ನ ಪುಡಿಯ ಚೀಲ ಹೊತ್ತು ಅದೇ ಗಲ್ಲಾದ ಮುಂದೆ ನಾನು ವರ್ಷಗಟ್ಟಲೆ ನಿಂತಿದ್ದೇನೆ. ಒಂದು ದಿನ ಕೂತ್ಕೊಳ್ಳಮ್ಮ ಎಂದವರಲ್ಲ. ಆವತ್ತು ನನಗೂ ಒಂದು ಎಳನೀರು ಬಂತು — ನಿನ್ನ ಜೊತೆಗಿದ್ದೆನಲ್ಲ, ಅದಕ್ಕೆ.

ಆ ವಾರವೇ ಅವರ ಫೋನು. "ಆ ಉಡುಗಿ ಮಾಲು ಇಟ್ಕೊಳವಾ ಅಂತಿದ್ದೀನಿ. ನೀವು ಹೂಂ ಅಂದ್ರೆ ಸಾಕು ಕಣಮ್ಮ."

ಒಂದು ಹೂಂ. ಅಷ್ಟೂ ಆಗಲಿಲ್ಲ ನನ್ನಿಂದ. "ಉಡುಗಿ ಒಳ್ಳೇವ್ಳೇ ಸಾ... ಆದ್ರೆ ಕೂಸು ತಿನ್ನೋ ಪದಾರ್ಥ ನೋಡಿ. ಅವ್ರ ಮನೆ ಚೊಕ್ಕಟದ ಬಗ್ಗೆ ನಾನು ಗ್ಯಾರಂಟಿ ಕೊಡಕಾಗಲ್ಲ."

ನಿಮ್ಮ ಮನೆಯಲ್ಲಿ ಉಂಡು ಬಂದವಳು ನಾನು. ನಿಮ್ಮಮ್ಮ ಅಡುಗೆಮನೆ ಹೇಗಿಟ್ಟಿದ್ದಾರೆ ಎಂದು ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ಶಿವಣ್ಣನವರು ಬೇಡವೆಂದರು, ಅವರು ಬೇಡವೆಂದದ್ದನ್ನು ಪೇಟೆಯಲ್ಲಿ ಬೇರೆ ಯಾರೂ ಮುಟ್ಟಲಿಲ್ಲ. ಇವತ್ತಿಗೂ ನಾನು ರಾಗಿ ಸರಿ ಮಾರಿಲ್ಲ. ನಿನ್ನ ಯೋಚನೆ ಕದ್ದಿದ್ದರೆ ಲಾಭಕ್ಕೆ ಕದ್ದಳು ಎನ್ನಬಹುದಿತ್ತು. ನನಗೆ ಬೇಕಾಗಿಯೇ ಇರಲಿಲ್ಲ. ನಿನಗೆ ಆಗಬಾರದು, ಅಷ್ಟೇ.

ಅದಾದ ಮೇಲೆ ನಿಮ್ಮಮ್ಮ ನನ್ನನ್ನು ಮನೆಗೆ ಕರೆಸಿದರು. "ಯಾರ ಕಣ್ಣು ಬಿತ್ತೋ ಕಣವ್ವ ನನ್ ಮಗೀಗೆ. ನೀವೇ ದೃಷ್ಟಿ ತೆಗೆದ್ಬುಡಿ, ಅವ್ಳಿಗೆ ತಾಯಿ ಇದ್ದಂಗೆ ನೀವು." ಉಪ್ಪು, ಒಣಮೆಣಸಿನಕಾಯಿ ನನ್ನ ಕೈಗೆ ಕೊಟ್ಟರು. ಬೇಡ ಎನ್ನಬಹುದಿತ್ತು — ಎನ್ನಲಿಲ್ಲ. ಕಣ್ಣು ಮುಚ್ಚಿ ಕೂತ ನಿನಗೆ ನಿವಾಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಚಟಚಟ ಸುಟ್ಟಿತು. ಘಾಟೇ ಏಳಲಿಲ್ಲ. ಯಾರೂ ಕೆಮ್ಮಲಿಲ್ಲ. ಮೆಣಸಿನಪುಡಿ ಮಾರಿ ಬದುಕುವ ನಾನು ಹಾಗಾದದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. "ನೋಡುದ್ರಾ, ಎಂಥಾ ಕೆಟ್ಟ ಕಣ್ಣೋ! ಬುಡಿ, ಇನ್ನು ಓಯ್ತು," ಎಂದರು ನಿಮ್ಮಮ್ಮ. ನೀನು ನನ್ನ ಕಾಲು ಮುಟ್ಟಿದೆ. ಥೂ, ನನ್ನ ಜನ್ಮಕ್ಕಿಷ್ಟು! ಅವರು ಬಡಿಸಿದ ಪಾಯಸವನ್ನೂ ಕುಡಿದು ಬಂದೆ.

ಈಗ ನೀನು ನರಸೀಪುರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತೀಯ. ಮೊನ್ನೆ ನಾನು ಸೀರೆ ಕೊಳ್ಳಲು ಬಂದಾಗ ನೀನೇ ರಾಗಿ ಸರಿಯ ಮಾತು ತೆಗೆದೆ. "ನಂದೇ ಏನೋ ಕೊರತೆ ಇತ್ತು ಅಕ್ಕ. ಇಲ್ದಿದ್ರೆ ನೀವು ಅಷ್ಟು ಮಾಡಿದ್ರೂ ಯಾಕೆ ನಿಲ್ಲಲಿಲ್ಲ?" ಇಷ್ಟು ವರ್ಷ ನನ್ನ ಪಾಪವನ್ನು ನಿನ್ನ ಕೊರತೆ ಎಂದುಕೊಂಡು ಬದುಕಿದ್ದೀಯ. ಸೀರೆ ಅಲ್ಲೇ ಬಿಟ್ಟು ಬಂದೆ.

ನಿನ್ನೆ ಶಿವಣ್ಣನವರ ಮುಂದೆ ನಿಂತು ಹೇಳಿದೆ — ಆವತ್ತು ನಾನಾಡಿದ್ದು ಸುಳ್ಳು ಎಂದು. ಅವರು ಎಣಿಸುತ್ತಿದ್ದ ದುಡ್ಡನ್ನು ಗಲ್ಲಾಕ್ಕೆ ಹಾಕಿ ಮುಚ್ಚಿದರು. ಆಮೇಲೆ, "ಆ ಉಡುಗಿ ಎಲ್ಡ್ ಮೂರು ಸಲ ಬಂದು, ಏನ್ ತಪ್ಪಾಯ್ತು ಏಳಿ ಸಾ ಅಂತ ಕೇಳ್ಕಂಡ್ಲು. ನಾನು ಬಾಯ್ ಬುಡ್ಲಿಲ್ಲ ಕಣಮ್ಮ. ನಿಮ್ಮೆಸ್ರು ಕೆಡಬಾರ್ದು ಅಂತ."

ನಾಳೆ ಬೆಳಿಗ್ಗೆ ಸೋಸಲೆಗೆ ಬರುತ್ತೇನೆ. ಇದಿಷ್ಟನ್ನೂ ನಿಮ್ಮಮ್ಮನ ಎದುರಿಗೇ ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ನಿಂತು ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಿನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ ಕಣವ್ವ. ಅದೊಂದನ್ನು ನೀನು ನನ್ನ ಬಾಯಿಂದಲೇ ಕೇಳಬೇಕು.